ಬಾಗಿಲು ತೆರೆದೇ ಇದೆ, ಆದರೂ ಹೊಸಬರು ಉಳಿಯುವುದಿಲ್ಲ. ಯಾಕೆ?

ಹಳೇ ಕಾರ್ಯದರ್ಶಿ

ನಮ್ಮದೊಂದು ಸಣ್ಣ ಸಂಘ. ಯಾವ ಸಂಘ, ಎಲ್ಲಿ ಅನ್ನುವುದೆಲ್ಲ ಬೇಡ. ಒಂಬತ್ತು ವರ್ಷದಿಂದ ಅದರಲ್ಲಿದ್ದೇನೆ, ನಾಲ್ಕು ವರ್ಷದಿಂದ ಕಾರ್ಯದರ್ಶಿ. ಕಳೆದ ವಾರ ಬೀರು ಚೊಕ್ಕ ಮಾಡುವಾಗ ಹಳೆಯ ಹಾಜರಿ ಪುಸ್ತಕಗಳು ಸಿಕ್ಕವು. ಸುಮ್ನೆ ತಿರುವುತ್ತಾ ಕೂತೆ.

ಪ್ರತಿ ಪುಟದ ಮೇಲ್ಭಾಗದಲ್ಲಿ ಅದೇ ಹನ್ನೊಂದು ಹೆಸರು, ಅದೇ ಕ್ರಮ. ವರ್ಷ ಕಳೆದ ಹಾಗೆ ಸಹಿಗಳು ಸವೆದಿವೆ. ಅಧ್ಯಕ್ಷರ ಸಹಿ ಮೊದಲು ಪೂರ್ತಿ ಹೆಸರಾಗಿತ್ತು, ಈಗ ಬರೀ ಒಂದು ಗೀಟು. ಕೆಳಗೆ ಹೊಸಬರ ಹೆಸರುಗಳು. ಅವರದು ಮಾತ್ರ ದುಂಡಗಿನ ಅಕ್ಷರ, ಇನಿಶಿಯಲ್ ಸಮೇತ. ಒಂದು ಸಹಿ, ಎರಡು, ಹೆಚ್ಚೆಂದರೆ ಮೂರು. ಆಮೇಲೆ ಖಾಲಿ ಚೌಕಗಳು. ಮುಂದಿನ ವರ್ಷದ ಪುಸ್ತಕದಲ್ಲಿ ಬೇರೆ ಹೊಸಬರು, ಅದೇ ಕಥೆ.

ನಾವು ಯಾರನ್ನೂ ಹೊರಗೆ ಹಾಕಿಲ್ಲ. ಸದಸ್ಯತ್ವಕ್ಕೆ ಯಾರು ಅರ್ಜಿ ಕೊಟ್ಟರೂ ಕೊಟ್ಟಿದ್ದೇವೆ. ಪ್ರತಿ ವರ್ಷ ವಾರ್ಷಿಕ ಸಭೆಯಲ್ಲಿ "ಹೊಸಬರು ಬರಬೇಕು, ಯುವಕರು ಮುಂದೆ ಬರಬೇಕು" ಅಂತ ಒಬ್ಬರಾದರೂ ಭಾಷಣ ಮಾಡುತ್ತಾರೆ. ಉಳಿಯದಿದ್ದಾಗ "ಈಗಿನವರಿಗೆ ತಾಳ್ಮೆ ಇಲ್ಲ ಬಿಡಿ" ಅಂತ ನಾವೇ ಸಮಾಧಾನ ಮಾಡಿಕೊಳ್ಳುತ್ತೇವೆ.

ಆ ಪುಸ್ತಕದಲ್ಲಿ ಒಂದು ಹೆಸರು ನೋಡಿದಾಗ ನೆನಪಾಯಿತು. ಆಕೆ ತಮ್ಮ ಎರಡನೇ ಸಭೆಯಲ್ಲಿ ಕೈ ಎತ್ತಿ ಕೇಳಿದ್ದರು: "ಪ್ರತಿ ಸಲ ನಡಾವಳಿಯಲ್ಲಿ 'ಮಾ.ವಿ. ಹಿಂದಿನಂತೆ' ಅಂತ ಬರೆದಿರುತ್ತೀರಲ್ಲ, ಮಾ.ವಿ. ಅಂದರೆ ಏನು?" ಎಲ್ಲರೂ ನಕ್ಕರು. ಕೆಟ್ಟ ನಗು ಅಲ್ಲ. ಯಾರೋ "ಇರಿ ಮೇಡಂ, ನಿಧಾನಕ್ಕೆ ಗೊತ್ತಾಗುತ್ತೆ" ಅಂದರು. ಮುಂದಿನ ವಿಷಯಕ್ಕೆ ಹೋದೆವು. ನಾನೂ ನಕ್ಕಿದ್ದೆ. ಆಕೆ ಇನ್ನೊಂದು ಸಭೆಗೆ ಬಂದರು, ಅಷ್ಟೇ.

ಯಾರೂ ಬೀಗ ಹಾಕದೆ ಒಂದು ಗುಂಪು ಹೀಗೆ ಮುಚ್ಚಿಹೋಗುವುದು ಹೇಗೆ? ನಿಮ್ಮ ಅನುಭವ ಹೇಳಿ.

ಬಾವಿಕಟ್ಟೆ

ಬೇರೆ ಯಾರಾದರೂ ಕೂಪಮಂಡೂಕ ಅಂತ ಬರೆಯುವ ಮೊದಲು ನಾನೇ ಬರೆದು ಮುಗಿಸುತ್ತೇನೆ. ಆ ಕಥೆಯ ಬಗ್ಗೆ ನನಗೊಂದು ತಕರಾರಿದೆ. ಅದರಲ್ಲಿ ಬಾವಿಯೊಳಗೆ ಒಂದೇ ಕಪ್ಪೆ. ಒಂಟಿ ಕಪ್ಪೆಗೆ ಇವತ್ತಲ್ಲ ನಾಳೆ ಅನುಮಾನ ಬಂದೇ ಬರುತ್ತದೆ. ನಿಜವಾದ ಬಾವಿಯಲ್ಲಿ ಹನ್ನೊಂದು ಕಪ್ಪೆಗಳಿರುತ್ತವೆ, ಹನ್ನೊಂದೂ ಆಕಾಶಕ್ಕೆ ಒಂದೇ ಅಳತೆ ಹೇಳುತ್ತವೆ. ಇನ್ನು ಅನುಮಾನ ಎಲ್ಲಿಂದ ಬರಬೇಕು? ಸಮುದ್ರದ ಕಪ್ಪೆ ಬಂದರೆ "ಇರಿ, ನಿಧಾನಕ್ಕೆ ಗೊತ್ತಾಗುತ್ತೆ" ಅಂತ ನಗುತ್ತವೆ.

ಒಳಗಿನವನೇ

ಎಲ್ಲರೂ ಒಂದೇ ಕಡೆ ವಾಲುವ ಮೊದಲು ಇನ್ನೊಂದು ಮಾತು. ನಾನು ಪಾಳಿಯಲ್ಲಿ ಕೆಲಸ ಮಾಡುವವನು, ಕಂಟ್ರೋಲ್ ರೂಮ್. ನಮ್ಮ ಆರು ಜನರ ತಂಡಕ್ಕೆ ನಮ್ಮದೇ ಭಾಷೆ ಇದೆ. ಅರ್ಧ ಪದ ಹೇಳಿದರೆ ಸಾಕು, ಇನ್ನೊಬ್ಬರ ಕೈ ಸ್ವಿಚ್ ಮೇಲಿರುತ್ತದೆ. ಅದು ಬರೋದಕ್ಕೆ ವರ್ಷಗಳು ಬೇಕು. ಅಲಾರಂ ಹೊಡೆಯುವಾಗ ಹೊಸಬರಿಗೆ ವಿವರಿಸುತ್ತಾ ಕೂತರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ.

ಇನ್ನೊಂದು. ಬಂದವರೆಲ್ಲರ ಮಾತನ್ನೂ ಒಂದೇ ತೂಕಕ್ಕೆ ತೂಗುವ ಗುಂಪನ್ನೂ ನೋಡಿದ್ದೇನೆ. ಆರು ತಿಂಗಳಲ್ಲಿ ಕೆಲಸ ಗೊತ್ತಿದ್ದವರು ಬಿಟ್ಟುಹೋದರು, ದನಿ ಜೋರಿದ್ದವರು ಉಳಿದರು. ಒಂದಿಷ್ಟು ಮುಚ್ಚಿಕೊಳ್ಳದಿದ್ದರೆ ಗುಂಪು ಅನ್ನುವುದೇ ಇರಲ್ಲ, ಅಲ್ವಾ?

ವಾರ್ಡಿನ ಕಡೆಯಿಂದ

ಒಳಗಿನವನೇ ಅವರೇ, ನಾನು ನರ್ಸ್. ಆ ಅರ್ಧ ಪದದ ಭಾಷೆ ನಮಗೂ ಗೊತ್ತು, ಅದರ ಬೆಲೆಯೂ ಗೊತ್ತು. ಆದರೂ ತರಬೇತಿಯಲ್ಲಿ ಕೇಳಿದ ಒಂದು ಸಂಗತಿ ತಲೆಯಿಂದ ಹೋಗುವುದಿಲ್ಲ.

1840ರ ದಶಕದ ವಿಯೆನ್ನಾ. ದೊಡ್ಡ ಆಸ್ಪತ್ರೆ, ಎರಡು ಹೆರಿಗೆ ವಿಭಾಗ. ಮೊದಲನೆಯದರಲ್ಲಿ ಡಾಕ್ಟರುಗಳು ಮತ್ತು ವೈದ್ಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರು. ಮೊದಲನೆಯದರಲ್ಲಿ ಬಾಣಂತಿ ಜ್ವರದಿಂದ ಸಾಯುವವರು ಸರಾಸರಿ ನೂರಕ್ಕೆ ಹತ್ತರ ಹತ್ತಿರ. ಎರಡನೆಯದರಲ್ಲಿ ನಾಲ್ಕಕ್ಕಿಂತ ಕಡಿಮೆ. ಇವತ್ತು ಈ ವಿಭಾಗ, ನಾಳೆ ಆ ವಿಭಾಗ ಅಂತ ದಿನದ ಪ್ರಕಾರ ದಾಖಲು ಮಾಡಿಕೊಳ್ಳುತ್ತಿದ್ದರು. ಮೊದಲನೆಯದರ ದಿನ ಬಂದ ಹೆಂಗಸರು "ನಮ್ಮನ್ನು ಅಲ್ಲಿಗೆ ಹಾಕಬೇಡಿ" ಅಂತ ಮಂಡಿಯೂರಿ ಬೇಡುತ್ತಿದ್ದರು. ದಾರಿಯಲ್ಲೇ ಹೆರಿಗೆಯಾದರೂ ಪರವಾಗಿಲ್ಲ ಅನ್ನುವವರೂ ಇದ್ದರು.

1847ರಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಅನ್ನುವ ಡಾಕ್ಟರು ಕಾರಣ ಹಿಡಿದರು. ವಿದ್ಯಾರ್ಥಿಗಳು ಶವ ಕೊಯ್ದ ಕೈಯಲ್ಲೇ ನೇರ ಹೆರಿಗೆ ಕೋಣೆಗೆ ಬರುತ್ತಿದ್ದರು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಿರಿ ಅಂತ ಕಡ್ಡಾಯ ಮಾಡಿದರು. ಏಪ್ರಿಲ್‌ನಲ್ಲಿ 18% ಇದ್ದ ಸಾವು ಜೂನ್ ಹೊತ್ತಿಗೆ 2% ಆಸುಪಾಸಿಗೆ ಇಳಿಯಿತು. ಆದರೂ ಹಿರಿಯ ಡಾಕ್ಟರುಗಳಲ್ಲಿ ಬಹಳ ಜನ ಒಪ್ಪಲಿಲ್ಲ. ಡಾಕ್ಟರ ಕೈಯಿಂದ ರೋಗಿ ಸಾಯುತ್ತಾರೆ ಅಂದರೆ ಯಾರು ಒಪ್ಪುತ್ತಾರೆ ಹೇಳಿ.

ಎಲ್ಲರೂ ಇದನ್ನು ಒಬ್ಬ ಮಹಾನುಭಾವನ ಕಥೆಯ ಹಾಗೆ ಹೇಳುತ್ತಾರೆ. ನನಗೆ ಕಾಡುವುದು ಆ ಹೆಂಗಸರು. ಸಾಲಿನಲ್ಲಿ ನಿಂತ ಬಸುರಿಯರಿಗೆ ಯಾವ ವಿಭಾಗಕ್ಕೆ ಹೋದರೆ ಸಾಯುತ್ತೇವೆ ಅಂತ ಮೊದಲೇ ಗೊತ್ತಿತ್ತು. ಅವರ ಅಳುವನ್ನು ಒಳಗಿನವರು ದಿನಾ ಕೇಳುತ್ತಿದ್ದರು. ಅದು ಅವರ ಕಿವಿಗೆ ಗಲಾಟೆ ಅಂತ ಬಿತ್ತು, ಮಾಹಿತಿ ಅಂತ ಬೀಳಲಿಲ್ಲ.

ತಕ್ಕಡಿ

ವಾರ್ಡಿನ ಮೇಡಂ, ಚೆನ್ನಾಗಿ ಹೇಳಿದಿರಿ. ಆದರೆ ಈ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೆ ಅಂದರೆ, ಹೊಸ ಸಿದ್ಧಾಂತ ಹಿಡಿದು ಬರುವ ಪ್ರತಿಯೊಬ್ಬರೂ ತಮ್ಮನ್ನು ಸೆಮ್ಮೆಲ್‌ವೈಸ್ ಅಂದುಕೊಂಡಿರುತ್ತಾರೆ. ತಮ್ಮ ಮಾತು ಕೇಳದವರೆಲ್ಲ ಮುಚ್ಚಿದ ಮನಸ್ಸಿನವರು.

ಇನ್ನೊಂದು ಮಗ್ಗುಲೂ ಇದೆ. ಸೆಮ್ಮೆಲ್‌ವೈಸ್ ಇದನ್ನು ಪುಸ್ತಕವಾಗಿ ತಂದದ್ದು 1861ರಲ್ಲಿ, ಹದಿನಾಲ್ಕು ವರ್ಷ ಬಿಟ್ಟು. ಆಮೇಲೆ ಒಪ್ಪದ ಪ್ರೊಫೆಸರುಗಳಿಗೆ ಬಹಿರಂಗ ಪತ್ರ ಬರೆದು ಕೊಲೆಗಡುಕರು ಅಂತ ಜರೆದರು. ಸರಿಯೇ ಇದ್ದರು, ಆದರೆ ಅವರೂ ತಮ್ಮ ಕೋಟೆಯೊಳಗೆ ಕೂತುಬಿಟ್ಟಿದ್ದರು.

ಹೋಲಿಕೆಗೆ ಹೊಟ್ಟೆ ಹುಣ್ಣಿನ ಸಂಗತಿ ನೋಡಿ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಹುಣ್ಣಿಗೆ ಒಂದು ಬ್ಯಾಕ್ಟೀರಿಯಾ ಕಾರಣ ಅಂದರು. ಹೊಟ್ಟೆಯ ಆಮ್ಲದಲ್ಲಿ ಬ್ಯಾಕ್ಟೀರಿಯಾ ಬದುಕುವುದೇ ಇಲ್ಲ ಅನ್ನುವುದು ಆಗಿನ ನಂಬಿಕೆ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಕಾಯಿಲೆ ಬೀಳಿಸಿಕೊಂಡರು. ಸುಮಾರು ಹತ್ತು ವರ್ಷದಲ್ಲಿ ಅಮೆರಿಕದ ತಜ್ಞರ ಸಮಿತಿಯೇ ಹುಣ್ಣಿಗೆ ಆ್ಯಂಟಿಬಯಾಟಿಕ್ ಕೊಡಿ ಅಂದಿತು. 2005ರಲ್ಲಿ ನೊಬೆಲ್. ಆ ಹತ್ತು ವರ್ಷ ಹಟವೋ, ನ್ಯಾಯವಾದ ಅನುಮಾನವೋ? ನನಗಂತೂ ಎರಡೂ ಬೆರೆತ ಹಾಗೆ ಕಾಣುತ್ತದೆ. ಪುರಾವೆ ಕೇಳುವುದು ತಪ್ಪಲ್ಲ. ಎಂಥ ಪುರಾವೆ ತಂದರೆ ಒಪ್ಪುತ್ತೀರಿ ಅಂತ ಕೇಳಿದಾಗ ಉತ್ತರ ಇಲ್ಲದಿದ್ದರೆ ಮಾತ್ರ ಅಲ್ಲಿ ಗೋಡೆ ಇದೆ ಅಂತ ತಿಳಿಯಬೇಕು.

ವಾರ್ಡಿನ ಕಡೆಯಿಂದ

ಒಪ್ಪಿದೆ. ಆದರೆ ಮಾರ್ಷಲ್ ಸ್ವತಃ ಡಾಕ್ಟರು. ಬ್ಯಾಕ್ಟೀರಿಯಾ ಕುಡಿದು ತೋರಿಸಲು ಅವರಿಗೆ ಲ್ಯಾಬ್ ಇತ್ತು. ಸಾಲಿನಲ್ಲಿ ನಿಂತ ಬಸುರಿ ಏನು ತೋರಿಸಬೇಕು?

ತಕ್ಕಡಿ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಮೇಡಂ.

ನಟ್ಟು ಬೋಲ್ಟು

ಹೊರಗಿನವರ ಮಾತು ಬಿಡಿ, ಒಳಗಿನವರದ್ದೇ ಒಳಗೆ ತಲುಪುವುದಿಲ್ಲ. ನಾಸಾದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಕಥೆ ಅರ್ಧ ಎಲ್ಲರಿಗೂ ಗೊತ್ತು. 1986ರ ಜನವರಿ 28, ಹಾರಿದ 73 ಸೆಕೆಂಡಿಗೆ ಸಿಡಿಯಿತು, ಏಳು ಜನ ಹೋದರು. ಉಳಿದರ್ಧ ಹಿಂದಿನ ರಾತ್ರಿಯದು.

ರಾಕೆಟ್ಟಿನ ಭಾಗಗಳ ಸಂದಿಯಲ್ಲಿ ರಬ್ಬರಿನ ಓ-ರಿಂಗ್ ಇರುತ್ತದೆ. ಚಳಿಗೆ ಅದು ಬಿರುಸಾಗುತ್ತದೆ, ಸಂದಿ ಮುಚ್ಚುವುದು ತಡವಾಗುತ್ತದೆ. ರಾಕೆಟ್ ಮಾಡಿದ ಕಂಪನಿಯ ಎಂಜಿನಿಯರುಗಳು ಆ ರಾತ್ರಿ ಫೋನಿನಲ್ಲಿ "53 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆ ಇದ್ದರೆ ಹಾರಿಸಬೇಡಿ" ಅಂದರು. ನಮ್ಮ ಲೆಕ್ಕದಲ್ಲಿ 53 ಅಂದರೆ ಸುಮಾರು 12 ಡಿಗ್ರಿ ಸೆಲ್ಸಿಯಸ್. ಬೆಳಗ್ಗೆ ಹಾರಿಸುವಾಗ 36 ಡಿಗ್ರಿ ಫ್ಯಾರನ್‌ಹೀಟ್ ಇತ್ತು, ಅಂದರೆ ಸೆಲ್ಸಿಯಸ್‌ನಲ್ಲಿ ಬರೀ 2. ನಾಸಾದ ಕಡೆಯಿಂದ ಒತ್ತಡ ಬಂತು. ಕಂಪನಿಯವರು ಫೋನ್ ಮ್ಯೂಟ್ ಮಾಡಿ ತಮ್ಮೊಳಗೇ ಮಾತಾಡಿಕೊಂಡರು. ಎಂಜಿನಿಯರಿಂಗ್ ಮುಖ್ಯಸ್ಥರಿಗೆ ಮೇಲಿನವರು ಹೇಳಿದ್ದು ಇಷ್ಟು: ಎಂಜಿನಿಯರ್ ಟೋಪಿ ತೆಗೆದು ಮ್ಯಾನೇಜರ್ ಟೋಪಿ ಹಾಕಿಕೊಳ್ಳಿ. ನಾಲ್ವರು ಮ್ಯಾನೇಜರುಗಳು ತೀರ್ಮಾನ ತೆಗೆದುಕೊಂಡರು. ಬೇಡ ಅಂದಿದ್ದ ಎಂಜಿನಿಯರುಗಳು ಅದೇ ಕೋಣೆಯಲ್ಲಿ ಕೂತಿದ್ದರು.

ಓ-ರಿಂಗ್ ಸುಟ್ಟ ಗುರುತು ಹಿಂದಿನ ಹಾರಾಟಗಳಲ್ಲೂ ಸಿಕ್ಕಿತ್ತು. ಪ್ರತಿ ಸಲ ನೌಕೆ ಸುರಕ್ಷಿತವಾಗಿ ವಾಪಸ್ ಬಂದಿದ್ದರಿಂದ "ಇಷ್ಟು ಸುಟ್ಟರೆ ನಡೆಯುತ್ತದೆ" ಅನ್ನುವುದು ರೂಢಿಯಾಯಿತು. ಹೊಸಬನೊಬ್ಬ ನೋಡಿದ್ದರೆ "ಇದು ಸುಡಲೇಬಾರದಲ್ವಾ?" ಅಂತ ಕೇಳುತ್ತಿದ್ದ. ದಿನಾ ನೋಡುವವರಿಗೆ ಆ ಪ್ರಶ್ನೆ ಸತ್ತುಹೋಗಿರುತ್ತದೆ.

ಇನ್ನೂ ಬೇಜಾರಿನ ವಿಷಯ 2003ರದು. ನಾಸಾದ್ದೇ ಇನ್ನೊಂದು ನೌಕೆ ಕೊಲಂಬಿಯಾ ಮೇಲೇಳುವಾಗ ಫೋಮಿನ ತುಂಡು ರೆಕ್ಕೆಗೆ ಬಡಿಯಿತು. ಬಾಹ್ಯಾಕಾಶದಲ್ಲಿರುವಾಗಲೇ ಅದರ ಫೋಟೋ ತೆಗೆಸಿ ಅಂತ ಎಂಜಿನಿಯರುಗಳು ಕೇಳಿದರು. ಮೇಲಿನವರು ಅದನ್ನು ಕೈಬಿಟ್ಟರು. ಫೆಬ್ರವರಿ 1ರಂದು ವಾಪಸ್ ಬರುವಾಗ ನೌಕೆ ಛಿದ್ರವಾಯಿತು, ಮತ್ತೆ ಏಳು ಜನ. ತನಿಖಾ ಮಂಡಳಿ ಆ ಫೋಮಿನಷ್ಟೇ ಸಂಸ್ಥೆಯ ಒಳಗಿನ ಸಂಸ್ಕೃತಿಯೂ ಕಾರಣ ಅಂತ ಬರೆಯಿತು. ಮೊದಲ ದುರಂತದ ವರದಿ ಹದಿನೇಳು ವರ್ಷ ಅವರ ಕಪಾಟಿನಲ್ಲೇ ಇತ್ತು.

ಮೂರನೇ ಸಹಿ

ಹಳೇ ಕಾರ್ಯದರ್ಶಿಗಳೇ, ನಾನು ನಿಮ್ಮ ಸಂಘದವಳಲ್ಲ. ಆದರೆ ನಿಮ್ಮ ಪುಸ್ತಕದಲ್ಲಿ ಮೂರು ಸಹಿ ಹಾಕಿ ಹೋದವರ ಜಾತಿ ನನ್ನದು. ಬೇರೊಂದು ಕಡೆ ಹೀಗೇ ಸೇರಿದ್ದೆ, ಹೀಗೇ ಬಿಟ್ಟೆ.

ಮೊದಲ ದಿನ ಖಾಲಿ ಇದ್ದ ಕುರ್ಚಿಯಲ್ಲಿ ಕೂತೆ. ಯಾರೂ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಒಬ್ಬ ಹಿರಿಯರು ಬಂದರು, ನನ್ನ ಕುರ್ಚಿಯ ಹತ್ತಿರ ಒಂದು ಕ್ಷಣ ನಿಂತರು, ಆಮೇಲೆ ನಗುತ್ತಾ ಹಿಂದಿನ ಸಾಲಿಗೆ ಹೋದರು. ಕೋಣೆಯಲ್ಲಿದ್ದವರೆಲ್ಲ ಅವರನ್ನೇ ನೋಡಿದರು. ಪಕ್ಕದವರು ಕಿವಿಯಲ್ಲಿ "ಅದು ಯಾವಾಗ್ಲೂ ಅವರು ಕೂರೋ ಜಾಗ, ಪರವಾಗಿಲ್ಲ ಬಿಡಿ" ಅಂದರು. ಆ "ಪರವಾಗಿಲ್ಲ" ಇಡೀ ಸಭೆ ನನ್ನ ಬೆನ್ನಿಗೆ ಚುಚ್ಚುತ್ತಿತ್ತು.

ಎರಡನೇ ಸಲ ಸುಮ್ಮನೆ ಎಣಿಸಿದೆ. ಒಂದೂವರೆ ಗಂಟೆಯಲ್ಲಿ "ನಿಮಗೆಲ್ಲ ಗೊತ್ತೇ ಇದೆ" ಅನ್ನುವ ಮಾತು ಹದಿನಾಲ್ಕು ಸಲ ಬಂತು. ಅದರಲ್ಲಿ ಒಂದೂ ನನಗೆ ಗೊತ್ತಿರಲಿಲ್ಲ. ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ. ನಡೆದುಕೊಂಡಿದ್ದರೆ ಜಗಳವಾಡಬಹುದಿತ್ತು, ಮುಖ ಕೊಟ್ಟು ಮಾತಾಡಬಹುದಿತ್ತು. ಒಳ್ಳೆಯವರ ಜೊತೆ ಜಗಳ ಆಡೋಕೆ ಬರಲ್ಲ. ಎದ್ದು ಬಂದೆ.

ಯಾಕೆ ಬಿಟ್ಟೆ ಅಂತ ಯಾರೂ ಫೋನ್ ಮಾಡಲಿಲ್ಲ. ನಾನೂ ಹೇಳಲಿಲ್ಲ. ಅವರ ಪಾಲಿಗೆ ನಾನು ತಾಳ್ಮೆ ಇಲ್ಲದವಳು, ಅಷ್ಟೇ.

ಬಾವಿಕಟ್ಟೆ

ಹದಿನಾಲ್ಕು ಸಲ! ನಾಳೆ ನಮ್ಮ ಆಫೀಸಿನ ಸಭೆಯಲ್ಲಿ ಎಣಿಸುತ್ತೇನೆ.

ಪರದೆ

ಮೂರನೇ ಸಹಿ ಅವರು ಹೇಳಿದ "ಒಳ್ಳೆಯವರು" ಅನ್ನುವ ಮಾತು ಸರಿಯಾದ ಜಾಗಕ್ಕೆ ಹೊಡೆಯಿತು. ಕೆಟ್ಟವರನ್ನು ಹುಡುಕುತ್ತಾ ಹೋದರೆ ಇದು ಬಗೆಹರಿಯುವುದಿಲ್ಲ.

ಅಮೆರಿಕದ ವಾದ್ಯವೃಂದ ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾ 1952ರಲ್ಲೇ ವಾದಕರ ಆಯ್ಕೆಗೆ ಪರದೆ ಕಟ್ಟಿತು. ನುಡಿಸುವವರು ಆಚೆ, ಕೇಳುವವರು ಈಚೆ. ಬೇರೆ ಆರ್ಕೆಸ್ಟ್ರಾಗಳೂ ನಿಧಾನಕ್ಕೆ ಹಿಂಬಾಲಿಸಿದವು. ಪರದೆ ಇದ್ದರೂ ಹಿಮ್ಮಡಿಯ ಸದ್ದಿನಿಂದ ಬರುತ್ತಿರುವುದು ಗಂಡೋ ಹೆಣ್ಣೋ ಗೊತ್ತಾಗಿಬಿಡುತ್ತದೆ ಅಂತ ಕೆಲವು ಕಡೆ ಕಾರ್ಪೆಟ್ ಹಾಸಿದರು. ಆ ತೀರ್ಪುಗಾರರಲ್ಲಿ ಯಾರನ್ನು ಕೇಳಿದ್ದರೂ "ನಾನು ಸಂಗೀತ ಮಾತ್ರ ಕೇಳುತ್ತೇನೆ" ಅಂತಲೇ ಪ್ರಾಮಾಣಿಕವಾಗಿ ಹೇಳುತ್ತಿದ್ದರು. ಸುಳ್ಳು ಹೇಳುತ್ತಿರಲಿಲ್ಲ, ತಮ್ಮ ಕಿವಿಯ ಬಗ್ಗೆ ತಮಗೇ ಗೊತ್ತಿರಲಿಲ್ಲ.

ವಾರ್ಡಿನ ಮೇಡಂ ಹೇಳಿದ ವಿಯೆನ್ನಾಕ್ಕೇ ಮತ್ತೆ ಬಂದರೆ, ಅಲ್ಲಿನ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ ಮೊದಲ ಬಾರಿಗೆ ಒಬ್ಬ ಮಹಿಳೆಗೆ ಸದಸ್ಯತ್ವ ಕೊಟ್ಟದ್ದು 1997ರಲ್ಲಿ. ಆಕೆ ಹಾರ್ಪ್ ವಾದಕಿ. ಅದಕ್ಕೂ ಮೊದಲು ಇಪ್ಪತ್ತು ವರ್ಷಕ್ಕೂ ಜಾಸ್ತಿ ಅವರ ಜೊತೆಯಲ್ಲೇ ನುಡಿಸಿದ್ದರು. ಕೆಲಸಕ್ಕೆ ಬೇಕು, ಪಟ್ಟಿಗೆ ಬೇಡ. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ 1911ರ ಜನವರಿಯಲ್ಲಿ ವಿಜ್ಞಾನಿ ಮೇರಿ ಕ್ಯೂರಿ ಅವರನ್ನು ಸದಸ್ಯತ್ವದ ಚುನಾವಣೆಯಲ್ಲಿ ಕೂದಲೆಳೆ ಅಂತರದಲ್ಲಿ ಸೋಲಿಸಿತು. ಆಗಲೇ ಅವರ ಕೈಯಲ್ಲಿ ಒಂದು ನೊಬೆಲ್ ಇತ್ತು. ಅದೇ ವರ್ಷದ ಕೊನೆಗೆ ಎರಡನೆಯದೂ ಬಂತು.

ಅಂಚಿನ ಮನೆ

ಸಂಘ ಸಂಸ್ಥೆಗಳ ಮಾತಾಯಿತು. ಸಮುದಾಯಗಳ ವಿಷಯದಲ್ಲಿ ಸ್ವಲ್ಪ ಮೆತ್ತಗೆ ಮಾತಾಡಬೇಕು ಅನ್ನಿಸುತ್ತದೆ. ಹಿಂದೆ ಹೊಡೆಸಿಕೊಂಡವರು, ಓಡಿಸಿಕೊಂಡವರು ಮುಚ್ಚಿಕೊಂಡೇ ಇರುತ್ತಾರೆ. ನಾನೂ ಅಂಥ ಒಂದು ಕಡೆಯಿಂದ ಬಂದವನು. ಯಾವುದು ಅಂತ ಕೇಳಬೇಡಿ. ನಮ್ಮ ಹಿರಿಯರಿಗೆ ಕೆಲಸ, ಸಾಲ, ಮದುವೆ, ಕಾಯಿಲೆ ಎಲ್ಲದಕ್ಕೂ ಒಳಗಿನವರೇ ದಿಕ್ಕು. ಹೊರಗಿನ ಬಾಗಿಲುಗಳು ಮುಚ್ಚಿದ್ದಾಗ ಒಳಗಿನ ಬಾಗಿಲೊಂದೇ ತೆರೆದಿತ್ತು. ಅದನ್ನು ನೋಡಿ "ಏನು ಸಂಕುಚಿತ ಜನ" ಅನ್ನುವವರ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಆದರೆ ಇದನ್ನೂ ಹೇಳಬೇಕು. ನಮ್ಮಲ್ಲೇ ಒಬ್ಬರು ವಿಧವೆಯೊಬ್ಬರ ದುಡ್ಡು ನುಂಗಿದರು. ಎಲ್ಲರಿಗೂ ಗೊತ್ತಿತ್ತು. ಪೊಲೀಸರ ಹತ್ತಿರ ಹೋಗುತ್ತೇನೆ ಅಂದಾಗ ಹಿರಿಯರು ಮನೆಗೆ ಬಂದು ಕೂತರು. "ನಮ್ಮ ಮರ್ಯಾದೆ ಬೀದಿಗೆ ಬರುತ್ತೆ ತಾಯಿ, ನಾವೇ ಮಾತಾಡಿ ಸರಿ ಮಾಡ್ತೀವಿ" ಅಂದರು. ಮಾತಾಡಿದರು. ಸರಿ ಆಗಲಿಲ್ಲ. ಗಾಳಿ ಮಳೆ ಬರಬಾರದು ಅಂತ ಕಟ್ಟಿದ ಗೋಡೆ, ಆಕೆಯ ಕೂಗು ಆಚೆ ಹೋಗದ ಹಾಗೂ ಮಾಡಿತು. ಗೋಡೆ ಒಡೆಯಿರಿ ಅಂತ ನಾನು ಹೇಳಲಾರೆ. ಆಕೆ ಎಲ್ಲಿಂದ ಕೂಗಬೇಕಿತ್ತು ಅನ್ನುವುದೂ ನನಗೆ ಹೊಳೆಯುತ್ತಿಲ್ಲ.

ಒಳಗಿನವನೇ

ಎರಡು ದಿನದಿಂದ ಓದುತ್ತಿದ್ದೇನೆ. ಪೂರ್ತಿ ಸೋತೆ ಅಂತ ಬರೆಯಲ್ಲ. ಆದರೆ ನಿನ್ನೆ ಪಾಳಿ ಮುಗಿದ ಮೇಲೆ ಟ್ರೈನಿ ಹುಡುಗನನ್ನು ಕೇಳಿದೆ: "ಇಲ್ಲಿ ನಿಂಗೆ ವಿಚಿತ್ರ ಅನ್ನಿಸಿದ್ದು ಏನಾದ್ರೂ ಇದ್ಯಾ?" ಏನಿಲ್ಲ ಸಾರ್ ಅಂದ. ಬಾಗಿಲವರೆಗೆ ಹೋಗಿ ವಾಪಸ್ ಬಂದು, "ಆ ಮೂರನೇ ಪ್ಯಾನಲ್ ಅಲಾರಂ ಬಂದಾಗ ಯಾರೂ ನೋಡದೆ ಆಫ್ ಮಾಡ್ತೀರಲ್ಲ, ಅದು ಯಾಕೆ ಸಾರ್?" ಅಂದ. ಅದು ಸುಳ್ಳು ಅಲಾರಂ, ಸೆನ್ಸರ್ ಕೆಟ್ಟಿದೆ. ಯಾವಾಗಿನಿಂದ ಕೆಟ್ಟಿದೆ ಅಂತ ಹೇಳೋಕೆ ನನಗೆ ಆಗಲಿಲ್ಲ. ಓ-ರಿಂಗ್ ನೆನಪಾಯಿತು. ಇವತ್ತು ದೂರು ಬರೆದು ಹಾಕಿದ್ದೇನೆ.

ನಟ್ಟು ಬೋಲ್ಟು

ಸಾರ್, ಆ ಹುಡುಗನನ್ನು ಇನ್ನೊಂದು ವರ್ಷ ಬಿಟ್ಟು ಕೇಳಿ. ಆಗ ನಿಜವಾಗಲೂ ಏನೂ ವಿಚಿತ್ರ ಕಾಣಿಸುತ್ತಿರಲ್ಲ. ಆ ಕಣ್ಣಿನ ಆಯುಸ್ಸು ಕಡಿಮೆ.

ದೂರದ ಪರಿಚಯ

ತಡವಾಗಿ ಬಂದೆ, ಒಂದೇ ವಿಷಯ ಸೇರಿಸುತ್ತೇನೆ. ಮಾರ್ಕ್ ಗ್ರಾನೊವೆಟರ್ ಅನ್ನುವ ಸಮಾಜಶಾಸ್ತ್ರಜ್ಞರು 1973ರಲ್ಲಿ ಬರೆದ ಲೇಖನದಲ್ಲಿ ಒಂದು ಸಣ್ಣ ಸಮೀಕ್ಷೆ ಇದೆ. ಪರಿಚಯದವರ ಮೂಲಕ ಹೊಸ ಕೆಲಸ ಸಿಕ್ಕವರನ್ನು "ಆ ಪರಿಚಯದವರನ್ನು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ?" ಅಂತ ಕೇಳಿದರು. ಪದೇ ಪದೇ ಅಂದವರು ಸುಮಾರು 17%. ಆಗಾಗ ಅಂದವರು 56%. ವರ್ಷಕ್ಕೊಮ್ಮೆ ಅಥವಾ ಅದಕ್ಕಿಂತ ಅಪರೂಪ ಅಂದವರು 28%. ಆಪ್ತರು ಸಹಾಯ ಮಾಡಲ್ಲ ಅಂತಲ್ಲ. ಆಪ್ತರಿಗೆ ಗೊತ್ತಿರುವುದು ನಮಗೂ ಮೊದಲೇ ಗೊತ್ತಿರುತ್ತದೆ, ಅಷ್ಟೇ. ಆ ಹನ್ನೊಂದು ಜನ ಒಂಬತ್ತು ವರ್ಷದಿಂದ ಪರಸ್ಪರ ಹೇಳಿಕೊಳ್ಳುತ್ತಿರುವುದರಲ್ಲಿ ಹೊಸದು ಎಷ್ಟಿದ್ದೀತು?

ತಕ್ಕಡಿ

"ಹಾಗಾದರೆ ಪ್ರತಿ ಸಭೆಗೂ ಒಬ್ಬರನ್ನು ವಿರೋಧ ಹೇಳೋಕೆ ಅಂತಲೇ ನೇಮಿಸಿ" ಅಂತ ಯಾರಾದರೂ ಹೇಳುತ್ತಾರೆ, ಅದಕ್ಕೆ ಮೊದಲೇ ಬರೆಯುತ್ತೇನೆ. ಕ್ಯಾಥೊಲಿಕ್ ಚರ್ಚಿನಲ್ಲಿ ಯಾರನ್ನಾದರೂ ಸಂತ ಅಂತ ಘೋಷಿಸುವ ಮೊದಲು ಅವರ ವಿರುದ್ಧ ವಾದಿಸೋಕೆ ಒಬ್ಬ ಅಧಿಕಾರಿ ಇರುತ್ತಿದ್ದ. 1587ರಲ್ಲಿ ಆ ಹುದ್ದೆ ಅಧಿಕೃತವಾಯಿತು, 1983ರಲ್ಲಿ ಅದರ ಕೆಲಸವನ್ನು ಬಹಳ ಮೊಟಕು ಮಾಡಿದರು. ಅಲ್ಲಿ ಒಂದಷ್ಟು ಕಾಲ ನಡೆದಿರಬಹುದು. ನಾನು ಕೆಲಸ ಮಾಡಿದ ಕಡೆ ಇದನ್ನು ಪ್ರಯತ್ನಿಸಿದಾಗ ಮೂರನೇ ತಿಂಗಳಿಗೇ ನಾಟಕ ಆಯಿತು. ವಿರೋಧ ಹೇಳುವವರು ಎದ್ದು ನಿಲ್ಲುತ್ತಿದ್ದ ಹಾಗೇ ಎಲ್ಲರೂ ಫೋನ್ ತೆಗೆಯುತ್ತಿದ್ದರು. ಬಾಡಿಗೆ ಅನುಮಾನಕ್ಕೆ ಯಾರೂ ಹೆದರಲ್ಲ.

ಹಳೇ ಕಾರ್ಯದರ್ಶಿ

ಎಲ್ಲರಿಗೂ ಥ್ಯಾಂಕ್ಸ್. ಮೂರನೇ ಸಹಿ ಅವರ ಮಾತು ಓದಿದ ಮೇಲೆ ತಡೆಯೋಕಾಗಲಿಲ್ಲ. ಸದಸ್ಯತ್ವದ ಅರ್ಜಿಯಲ್ಲಿ ನಂಬರ್ ಹುಡುಕಿ, ಆ ದಿನ ಪ್ರಶ್ನೆ ಕೇಳಿದ ಮೇಡಂಗೆ ಫೋನ್ ಮಾಡಿದೆ. ಹೆಸರು ಹೇಳಿದ ಮೇಲೂ ನಾನು ಯಾರು ಅಂತ ಗೊತ್ತಾಗೋಕೆ ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಕೋಪ ಇರಲಿಲ್ಲ. ಬೇರೆ ಕಡೆ ಸೇರಿಕೊಂಡಿದ್ದಾರಂತೆ, ಅಲ್ಲಿ ಚೆನ್ನಾಗಿದೆಯಂತೆ. ವಾಪಸ್ ಬನ್ನಿ ಅಂತ ಕರೆಯೋಕೆ ನನಗೆ ಬಾಯಿ ಬರಲಿಲ್ಲ.

ಫೋನ್ ಇಡುವ ಮೊದಲು ನಗುತ್ತಾ ಕೇಳಿದರು: "ಈಗಲಾದ್ರೂ ಹೇಳ್ತೀರಾ ಸರ್, ಮಾ.ವಿ. ಅಂದ್ರೆ ಏನು?"

ಹೇಳೋಕೆ ಬಾಯಿ ತೆರೆದೆ. ಗೊತ್ತಿಲ್ಲ ಅಂತ ಆಗಲೇ ಗೊತ್ತಾಯಿತು. ಕೇಳಿ ಹೇಳುತ್ತೇನೆ ಅಂದೆ. ಅಧ್ಯಕ್ಷರನ್ನು ಕೇಳಿದರೆ "ಮಾಸಿಕ ವಿವರ, ಇನ್ನೇನು" ಅಂದರು. ಖಜಾಂಚಿ "ಮಾಹಿತಿ ವಿನಿಮಯ ಅಲ್ವಾ?" ಅಂತ ನನ್ನನ್ನೇ ಕೇಳಿದರು. ಎಲ್ಲರಿಗಿಂತ ಹಳಬರು ಅಂದದ್ದು: "ನಾನು ಸೇರೋಕೆ ಮುಂಚಿನಿಂದ್ಲೂ ಹಾಗೇ ಬರೀತಿದಾರೆ. ನಾನೂ ಆಗ ಕೇಳಿದ್ದೆ. ನಿಧಾನಕ್ಕೆ ಗೊತ್ತಾಗುತ್ತೆ ಅಂದಿದ್ರು."

ನಾಲ್ಕು ವರ್ಷದ ನಡಾವಳಿ ತೆಗೆದು ನೋಡಿದೆ. ಪ್ರತಿ ಸಭೆಯಲ್ಲೂ ಆರನೇ ಅಂಶ ಅದೇ, ಮಾ.ವಿ. ಹಿಂದಿನಂತೆ. ಅಷ್ಟೂ ನನ್ನದೇ ಕೈಬರಹ.

ಅವರಿಗೆ ಇನ್ನೂ ಫೋನ್ ಮಾಡಿಲ್ಲ.